ನೆಟ್ಟಗೆ ನಿಂತ ಸುಳಿಗಲ್ಲು

ಹದಿನಾಲ್ಕನೆಯ ತಾರೀಖು ಮಂಗಳವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಎಂಥದೆಂದರೆ, ಅದನ್ನು ಯಾವ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕೆಂಬುದೇ ಅಲ್ಲಿದ್ದವರಿಗೆ ತಿಳಿಯಲಿಲ್ಲ. ದೂರು ತಂದವಳು ಬೋಳುಗುಡ್ಡದ ಮೇಲೆ ಕುರಿ ಮೇಯಿಸುವ ಮುದುಕಿ. ಆರು ಕಿಲೋಮೀಟರ್ ನಡೆದು ಬಂದಿದ್ದಳು. ಕೈಯ ಕೋಲನ್ನು ಬಾಗಿಲಿಗೆ ಒರಗಿಸಿ, ಬೆಂಚಿನ ತುದಿಯಲ್ಲಿ ಕೂತು, ಉಸಿರು ಹದಕ್ಕೆ ಬರುವವರೆಗೆ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಹೇಳಿದಳು.

"ಕಲ್ಲು ಬದಲಾಗಿದೆ."

ಮೇಜಿನ ಹಿಂದಿದ್ದ ದಫೇದಾರ ಪೆನ್ನು ಕೈಗೆತ್ತಿಕೊಂಡ. "ಯಾವ ಕಲ್ಲು, ಅಜ್ಜಿ?"

"ಸುಳಿಗಲ್ಲು. ಗುಡ್ಡದ ಮೇಲಿರೋದು."

"ಬದಲಾಗಿದೆ ಅಂದ್ರೆ?"

"ಕಲ್ಲೇ ಬೇರೆ. ಮೊದಲಿದ್ದದ್ದು ಅದಲ್ಲ."

"ನಿಮಗೆ ಯಾರು ಹೇಳಿದ್ರು?"

"ಕುರಿ ಹೇಳ್ತು."

ಕಿಟಕಿಯ ಹತ್ತಿರ ಜೀಪಿನ ಕೀಲಿ ತಿರುಗಿಸುತ್ತಾ ನಿಂತಿದ್ದ ಡ್ರೈವರ್ ಗೊಳ್ಳೆಂದು ನಕ್ಕ. "ಹಾಗಾದ್ರೆ ಕುರೀನೇ ಕರ್ಕೊಂಡು ಬರಬೇಕಿತ್ತಲ್ಲ ಅಜ್ಜಿ, ಹೇಳಿಕೆ ತಗೋತಿದ್ವಿ."

"ನಾಯಿ ಬಂದಿದೆ ಹೊರಗೆ. ಬೇಕಾದ್ರೆ ಅದರ ಹತ್ತಿರ ಹೋಗಿ ಕೇಳಪ್ಪ. ನಿನ್ನ ಮಾತು ಅದಕ್ಕೆ ಅರ್ಥ ಆಗುತ್ತೆ."

ಡ್ರೈವರ್ ಕೀಲಿ ತಿರುಗಿಸುವುದನ್ನು ನಿಲ್ಲಿಸಿದ.

ದಫೇದಾರ ನಗಲಿಲ್ಲ. ಠಾಣೆಯಲ್ಲಿ ಅವನಿಗೆ 'ಪಂಚನಾಮೆ' ಎಂದೇ ಅಡ್ಡಹೆಸರು. ಒಂದು ಸೈಕಲ್ ಕಳುವಾದರೆ, ಅದು ನಿಂತಿದ್ದ ಗೋಡೆಗೆ ಸುಣ್ಣ ಬಳಿದು ಎಷ್ಟು ವರ್ಷವಾಗಿರಬಹುದೆಂದೂ ಬರೆಯುವ ಮನುಷ್ಯ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನ ಪಂಚನಾಮೆಗಳನ್ನು ಪೂರ್ತಿ ಓದಿದ ನ್ಯಾಯಾಧೀಶರು ಇಬ್ಬರೋ ಮೂವರೋ. ಅವರಲ್ಲಿ ಒಬ್ಬರು ಓದುವಾಗಲೇ ನಿದ್ದೆ ಹೋಗಿದ್ದರೆಂದು ಡ್ರೈವರ್ ಹೇಳಿಕೊಂಡು ತಿರುಗುತ್ತಿದ್ದ. ಆದರೆ ದಫೇದಾರನೂ ಕುರಿಯ ಮನೆಯಲ್ಲಿ ಹುಟ್ಟಿದವನೇ. ಕುರಿ ಸುಮ್ಮನೆ ಏನೂ ಮಾಡುವುದಿಲ್ಲ, ಸುಮ್ಮನೆ ಏನನ್ನೂ ಬಿಡುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು.

"ಕುರಿ ಏನು ಮಾಡ್ತು, ಸರಿಯಾಗಿ ಹೇಳಿ."

ಅಜ್ಜಿ ಹೇಳಿದಳು. ವರ್ಷದಲ್ಲಿ ಎರಡು ತಿಂಗಳು ಮಾತ್ರ ಅವಳ ಮಂದೆ ಗುಡ್ಡದ ಆ ಮಗ್ಗುಲಿಗೆ ಹೋಗುತ್ತದೆ. ಉಳಿದ ಕಾಲದಲ್ಲಿ ಅಲ್ಲಿ ಜೌಗು. ಸುಳಿಗಲ್ಲು ಒಂದು ಕಡೆಗೆ ವಾಲಿಕೊಂಡಿತ್ತು. ವಾಲಿದ ಮಗ್ಗುಲಿನ ಅಡಿಗೆ ಕುರಿಗಳು ಸರದಿಯಲ್ಲಿ ನುಗ್ಗಿ ಬೆನ್ನು ತಿಕ್ಕಿಕೊಳ್ಳುತ್ತಿದ್ದವು. ಅವಳ ಅತ್ತೆಯ ಕಾಲದ ಕುರಿಗಳೂ ಅಲ್ಲೇ ತಿಕ್ಕಿಕೊಂಡಿದ್ದವಂತೆ. ಈ ಸಲ ಎಂಟು ದಿನವಾಯಿತು, ಮಂದೆ ಕಲ್ಲಿನ ತನಕ ಓಡುತ್ತದೆ, ಮೂಸುತ್ತದೆ, ತಿರುಗಿ ಬರುತ್ತದೆ. ಒಂದೂ ಮೈ ತಾಗಿಸುವುದಿಲ್ಲ.

"ಇಷ್ಟೇನಾ?" ಎಂದ ಡ್ರೈವರ್.

"ಇಷ್ಟೇ. ನಿನ್ನ ಹಾಸಿಗೆ ಬದಲಾದ್ರೆ ನಿನಗೆ ಗೊತ್ತಾಗಲ್ವಾ?"

ಇನ್‌ಸ್ಪೆಕ್ಟರ್ ಮೇಡಂ ಒಳಗಿನ ಕೋಣೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಬಂದು, "ದಫೇದಾರ್ರೇ, ನೀವು ಆ ಕಲ್ಲಿನ ಮೇಲೆ ಒಂದು ಸಲ ಪುರಾಣ ಬರೆದಿದ್ರಲ್ಲ?" ಎಂದರು.

ಬರೆದಿದ್ದ. ಮೂರು ವರ್ಷದ ಹಿಂದೆ ನಡಿಗೆಗೆ ಬಂದ ಒಬ್ಬ ಪ್ರವಾಸಿ ಫೋಟೋಗೆಂದು ಸುಳಿಗಲ್ಲು ಹತ್ತಿ ಬಿದ್ದು ಕಾಲು ಮುರಿದುಕೊಂಡಾಗ ಸ್ಥಳ ಪಂಚನಾಮೆ ಅವನದೇ ಆಗಿತ್ತು. ಕಾಲಿನ ಬಗ್ಗೆ ನಾಲ್ಕು ಸಾಲು, ಕಲ್ಲಿನ ಬಗ್ಗೆ ಎರಡು ಪುಟ. ಹನ್ನೊಂದು ಗಂಟೆಗೆ ಹಳೆಯ ಕಡತದ ಕಪಾಟು ತೆರೆದು, ದೂಳು ಕೊಡವಿ ಅದನ್ನು ತಂದು ಮೇಜಿನ ಮೇಲಿಟ್ಟ. ಮೇಡಂ ನಿಂತೇ ಓದಿದರು: "ಕಲ್ಲು ಎದೆಯೆತ್ತರ. ಮೇಲ್ತುದಿಯು ಬುಡಕ್ಕಿಂತ ಒಂದು ಗೇಣು ನಾಲ್ಕು ಬೆರಳಿನಷ್ಟು ಪೂರ್ವಕ್ಕೆ ವಾಲಿದೆ. ವಾಲಿದ ಮಗ್ಗುಲಲ್ಲಿ ನೆಲದಿಂದ ಮೊಣಕಾಲಿನ ಎತ್ತರದಲ್ಲಿ ಕುರಿ ಉಣ್ಣೆಯ ಜಿಡ್ಡು ಹತ್ತಿ ಕಪ್ಪಾಗಿ ನುಣುಪಾಗಿದೆ. ಬೆರಳಿಟ್ಟರೆ ಜಾರುತ್ತದೆ."

"ಪುಣ್ಯಾತ್ಮ," ಎಂದರು ಮೇಡಂ. "ಜೀಪ್ ತೆಗೀರಿ. ಅಜ್ಜಿ, ನೀವೂ ಹತ್ತಿ. ನಾಯೀನೂ ಹತ್ತಿಸ್ಕೊಳ್ಳಿ."

ಜೀಪು ಗುಡ್ಡದ ಬುಡದವರೆಗೆ ಮಾತ್ರ ಹೋಗುತ್ತದೆ. ಮುಂದೆ ನಾಲ್ಕು ಕಿಲೋಮೀಟರ್ ಕಾಲುದಾರಿ. ಮರ ಅಂತ ಹೇಳಲು ಒಂದಿಲ್ಲ. ಎತ್ತ ನೋಡಿದರೂ ಕಂದು ಹುಲ್ಲು, ನಡುನಡುವೆ ಕಾಲಿಟ್ಟರೆ ಗುಳಕ್ ಎನ್ನುವ ಜೌಗು, ಮೇಲೆ ತಡೆಯಿಲ್ಲದ ಗಾಳಿ. ಆ ಬಯಲಲ್ಲಿ ಯಾವ ಕಾಲದವರೋ ನಿಲ್ಲಿಸಿ ಹೋದ ಹದಿಮೂರು ಕಲ್ಲುಗಳು ದುಂಡಗೆ, ಮಾತು ಮರೆತ ಪಂಚಾಯಿತಿಯ ಹಾಗೆ ನಿಂತಿವೆ. ಅವುಗಳಾಚೆ, ಮೂರು ಚಪ್ಪಡಿಗಳ ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಕಲ್ಲುಮನೆ. ಅದರ ಬಾಯಿಗೆ ಎದುರಾಗಿ ಸುಳಿಗಲ್ಲು. ಮುಖದ ಮೇಲೆ ಒಳಗಿಂದ ಹೊರಕ್ಕೆ ಏಳು ಸುತ್ತು ಬರುವ ಒಂದು ಸುಳಿ. ಎತ್ತಿನ ಹಣೆಯ ಮೇಲಿರುತ್ತದಲ್ಲ, ಹಾಗೆ. ದಾರಿಯಲ್ಲಿ ಅಜ್ಜಿ ಎಲ್ಲರಿಗಿಂತ ಮುಂದಿದ್ದಳು. ಡ್ರೈವರ್ ಎರಡು ಸಲ ಜೌಗಿನಲ್ಲಿ ಬೂಟು ಕಳೆದುಕೊಂಡು ಎರಡು ಸಲ ಹುಡುಕಿಕೊಂಡ.

ಮಧ್ಯಾಹ್ನ ಒಂದು ಹತ್ತಕ್ಕೆ ಕಲ್ಲಿನ ಹತ್ತಿರ ಮುಟ್ಟಿದರು. ಗುಡ್ಡದ ಕಾವಲುಗಾರ ತನ್ನ ಗುಡಿಸಲಿನಿಂದ ಓಡಿ ಬಂದ. ಅವನು ಅಜ್ಜಿಯ ಅಳಿಯ. ಅತ್ತೆ ಪೊಲೀಸರ ಜೊತೆ ನಿಂತಿದ್ದನ್ನು ಕಂಡು ಅವನ ಮುಖದ ನೀರಿಳಿದು ಹೋಯಿತು.

"ಅತ್ತೇ, ನಾನು ಬೇಡ ಅಂದಿರಲಿಲ್ವಾ?"

"ನೀನು ಬೇಡ ಅಂದ್ರೆ ಕಲ್ಲು ವಾಪಸ್ ಬರುತ್ತಾ?"

ದಫೇದಾರ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ. ಜೇಬಿನಿಂದ ಸೆಣಬಿನ ದಾರ ತೆಗೆದು, ತುದಿಗೆ ಜೀಪಿನ ಕೀಲಿ ಕಟ್ಟಿ, ಕಲ್ಲಿನ ನೆತ್ತಿಯಿಂದ ಇಳಿಬಿಟ್ಟ. ಗಾಳಿಗೆ ಅಡ್ಡವಾಗಿ ಮೇಡಂ ತಮ್ಮ ಕೋಟು ಹಿಡಿದರು. ಕೀಲಿ ಎರಡು ಸಲ ಅಲ್ಲಾಡಿ ನಿಂತಿತು. ದಾರ ಕಲ್ಲಿನ ಮೈಗುಂಟ ನೆತ್ತಿಯಿಂದ ಬುಡದ ತನಕ ಕೂದಲೆಳೆಯ ಅಂತರವೂ ಇಲ್ಲದೆ ಇಳಿದಿತ್ತು. ನಾಲ್ಕೂ ಮಗ್ಗುಲಲ್ಲಿ ನೋಡಿದ. ಕಲ್ಲು ಎಳ್ಳಷ್ಟೂ ವಾಲಿರಲಿಲ್ಲ. ಕರವಸ್ತ್ರದಿಂದ ಮೊಣಕಾಲೆತ್ತರದಲ್ಲಿ ಗಟ್ಟಿಯಾಗಿ ಉಜ್ಜಿದ. ಬಟ್ಟೆಗೆ ಹಸಿರು ಹತ್ತಿತು, ಕಪ್ಪು ಹತ್ತಲಿಲ್ಲ.

ಎರಡೂವರೆಗೆ ಸಂಗ್ರಹಾಲಯದ ಅಧಿಕಾರಿ ಬಂದರು. ಗುಡ್ಡದ ಕಲ್ಲುಗಳೆಲ್ಲ ಅವರ ಸುಪರ್ದಿಗೆ ಸೇರಿದ್ದು. ಪ್ರತಿ ಭಾನುವಾರ ಟಿಕೆಟ್ ಕೊಟ್ಟು ಜನರನ್ನು ನಡೆಸಿಕೊಂಡು ಬಂದು ಕಲ್ಲುಗಳ ಕತೆ ಹೇಳುವವರೂ ಅವರೇ. ಏದುಸಿರು ಬಿಡುತ್ತಲೇ ಸಿಟ್ಟಾದರು.

"ಮೇಡಂ, ಮೊನ್ನೆ ಭಾನುವಾರ ಇದೇ ಕಲ್ಲಿನ ಮುಂದೆ ನಿಂತು ನಲವತ್ತು ಜನಕ್ಕೆ ಹೇಳಿದೀನಿ. ನನಗಿಂತ ಈ ಕಲ್ಲು ಗೊತ್ತಿರೋರು ಯಾರಿದಾರೆ?"

"ಕುರಿ," ಎಂದಳು ಅಜ್ಜಿ.

"ನೆಲ ಕುಸಿದ್ರೆ ಕಲ್ಲು ಸರಿಯುತ್ತೆ. ಅದು ಸಹಜ."

"ಸರಿದು ಇನ್ನಷ್ಟು ವಾಲುತ್ತೆ ಸರ್," ಎಂದ ದಫೇದಾರ. "ಎದ್ದು ನಿಲ್ಲೋದನ್ನ ನಾನು ನೋಡಿಲ್ಲ. ಬುಡ ಒಂದೂವರೆ ಅಡಿ ಬಿಡಿಸಿ ನೋಡಲು ನಿಮ್ಮ ಲಿಖಿತ ಒಪ್ಪಿಗೆ ಬೇಕು."

ಅಧಿಕಾರಿ ಒಪ್ಪಿಗೆ ಬರೆದುಕೊಟ್ಟರು, ಅಜ್ಜಿಯ ಬಾಯಿ ಮುಚ್ಚಿಸುವುದಕ್ಕಾದರೂ ಆಗಲಿ ಎಂಬಂತೆ. ಕೆಳಗಿನ ಊರಿನಿಂದ ಅಂಚೆಯವನನ್ನೂ ಹಾಲಿನ ಡೇರಿಯ ಕಾರ್ಯದರ್ಶಿಯನ್ನೂ ಪಂಚರಾಗಿ ಕರೆಸಿ, ಹುಲ್ಲಿನ ಹೆಂಟೆಯನ್ನು ರೊಟ್ಟಿಯ ಹಾಗೆ ಹುಷಾರಾಗಿ ಎಬ್ಬಿಸಿ ಮಣ್ಣು ತೆಗೆದರು. ಒಂದಡಿಯ ಕೆಳಗೆ ಕಲ್ಲಿನ ಮೈ ಹೊಸದಾಗಿ ಬೆಳ್ಳಗಿತ್ತು. ಅದರ ಮೇಲೆ ಸಾಲಾಗಿ, ಒಂದೇ ಓರೆಯಲ್ಲಿ, ಕಬ್ಬಿಣದ ಉಳಿಯ ಗೆರೆಗಳು.

ಅಧಿಕಾರಿ ಮಂಡಿಯೂರಿದರು. ಆ ಗೆರೆಗಳ ಮೇಲೆ ಬೆರಳಾಡಿಸಿದರು. ಕಬ್ಬಿಣ ಹುಟ್ಟುವ ಮೊದಲಿನ ಕಲ್ಲೆಂದು ತಾವೇ ಹನ್ನೆರಡು ವರ್ಷದಿಂದ ಹೇಳುತ್ತ ಬಂದದ್ದು ಅವರಿಗೆ ನೆನಪಾಗಿರಬೇಕು. ಎದ್ದಾಗ ಕಾವಲುಗಾರನ ಕಡೆ ತಿರುಗಿದರು.

"ಆರುನೂರು ಕಿಲೋ ಕಲ್ಲು. ಒಬ್ಬ ಎತ್ತಿಕೊಂಡು ಹೋಗಿ ಇನ್ನೊಂದು ನೆಟ್ಟಿದಾನೆ. ನೀನೇನು ನೊಣ ಹೊಡೀತಿದ್ಯಾ? ಸೋಮವಾರದೊಳಗೆ ಕಲ್ಲು ಸಿಕ್ಕದಿದ್ರೆ ನಿನ್ನ ವಜಾ ಆದೇಶ ನಾನೇ ಟೈಪ್ ಮಾಡ್ತೀನಿ. ಕ್ವಾರ್ಟರ್ಸೂ ಖಾಲಿ ಮಾಡಬೇಕು."

ಗುಡಿಸಲಿನ ಪಕ್ಕದ ಎರಡು ಕೋಣೆಯ ಮನೆಯ ಬಾಗಿಲಲ್ಲಿ ಕಾವಲುಗಾರನ ಹೆಂಡತಿ ಮೂರು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ಅಧಿಕಾರಿಯನ್ನೂ ಅಲ್ಲ. ದೂರು ಕೊಟ್ಟ ತನ್ನ ತಾಯಿಯನ್ನು. ಅಜ್ಜಿ ಆ ಕಡೆ ಎರಡು ಹೆಜ್ಜೆ ಇಟ್ಟಳು. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ನಾಲ್ಕು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಕಳವು ಮತ್ತು ಪ್ರಾಚೀನ ಸ್ಮಾರಕಕ್ಕೆ ಹಾನಿ, ಆರೋಪಿ ಅಪರಿಚಿತ. ಮೇಡಂ ಎಲ್ಲರಿಗೂ ಒಂದೇ ಕಟ್ಟಪ್ಪಣೆ ಮಾಡಿದರು: ಮಣ್ಣು ಮುಚ್ಚಿ, ಹೆಂಟೆ ಮೊದಲಿದ್ದ ಹಾಗೇ ಕೂರಿಸಿ, ಮಾತು ಗುಡ್ಡ ಇಳಿಯಬಾರದು.

"ನನ್ನ ಬಾಯಿ ಕುರಿಗೆ ಬಿಟ್ಟರೆ ಬೇರೆಯವರಿಗೆ ತೆರೆಯಲ್ಲ," ಎಂದಳು ಅಜ್ಜಿ. ಆಮೇಲೆ ದಫೇದಾರನ ತೋಳು ಹಿಡಿದು ಕೆಳದನಿಯಲ್ಲಿ, "ಕಲ್ಲು ಕದ್ದವನನ್ನ ಹಿಡೀರಿ ಅಂತ ಬಂದೆ ಮಗಾ. ನನ್ನ ಮಗಳ ಒಲೆ ಆರಿಸಿ ಅಂತಲ್ಲ," ಎಂದಳು.

ಬುಧವಾರ ಬೆಳಗ್ಗೆ ಕಾವಲುಗಾರನ ವಿಚಾರಣೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಿತ್ತು ಅವನ ನಡವಳಿಕೆ. ಎದುರಿಗೆ ಹಾಜರಿ ಪುಸ್ತಕ.

"ಒಂದು ದಿನವೂ ರಜಾ ಹಾಕಿಲ್ಲ?"

"ಇಲ್ಲ ಮೇಡಂ."

"ಮಗು ಹುಟ್ಟಿದ್ದು ಯಾವತ್ತು?"

ಅವನ ಕೈ ಹಾಜರಿ ಪುಸ್ತಕದ ಕಡೆ ಹೋಗಿ ಹಿಂದೆ ಬಂತು.

"ಎಲ್ಲಿ ಹುಟ್ಟಿದ್ದು?"

"ಆಸ್ಪತ್ರೇಲಿ."

"ನೀನೆಲ್ಲಿದ್ದೆ?"

ಹಾಜರಿ ಪುಸ್ತಕದಲ್ಲಿ ಆ ವಾರದ ಮೂರು ದಿನದ ಸಹಿಗಳು ಒಂದೇ ಶಾಯಿಯಲ್ಲಿ, ಒಂದೇ ಉಸಿರಿನಲ್ಲಿ ಹಾಕಿದವು. ದಫೇದಾರ ಅದನ್ನು ಮೊದಲೇ ಗುರುತು ಮಾಡಿಟ್ಟಿದ್ದ. ಕಾವಲುಗಾರ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಹೆಂಡತಿಗೆ ನೋವು ಶುರುವಾದಾಗ ಬದಲಿ ಕೊಡಿ ಎಂದು ಕೇಳಿದ್ದ. ಬದಲಿ ಯಾರೂ ಇಲ್ಲ ಎಂದರು ಸಾಹೇಬರು. ಮುಂಗಡ ಸಹಿ ಹಾಕಿ ಹೊರಟುಹೋಗಿದ್ದ. ಆ ಮೂರು ದಿನ ಗುಡ್ಡದ ಮೇಲೆ ಮಂಜು ಹಿಡಿದಿತ್ತು, ಹತ್ತು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ನಡಿಗೆಯವರು ಹೇಗೂ ಬರುವುದಿಲ್ಲ ಎಂದುಕೊಂಡ.

"ನೀನು ಇರಲ್ಲ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ ಮೇಡಂ. ಆಸ್ಪತ್ರೆಗೆ ಹೋಗೋಕೆ ಗಾಡಿ ಸಿಕ್ಕಲಿಲ್ಲ. ದಾರೀಲಿ ಯಾವುದೋ ಟ್ರ್ಯಾಕ್ಟರ್ ಸಿಕ್ತು, ಅವರೇ ಬಿಟ್ರು."

"ಯಾರ ಟ್ರ್ಯಾಕ್ಟರ್?"

"ನೋವಲ್ಲಿ ಹೆಂಡತಿ ಕಿರುಚ್ತಿದ್ಲು. ನಾನು ಮುಖ ನೋಡ್ಲಿಲ್ಲ. ಟ್ರೈಲರಲ್ಲಿ ಪೂರ್ತಿ ಕಲ್ಲಿನ ಪುಡಿ ಇತ್ತು, ಅದರ ಮೇಲೆ ನನ್ನ ಕಂಬಳಿ ಹಾಸಿದ್ದೆ. ಅಷ್ಟು ನೆನಪಿದೆ."

ದಫೇದಾರ 'ಕಲ್ಲಿನ ಪುಡಿ' ಎಂದು ಬರೆದು ಅಡಿಗೆರೆ ಎಳೆದ. ಆ ಗೆರೆ ಎಳೆಯುವಾಗಲೇ ಅವನಿಗೆ ದಾರದ ತುದಿಯ ಕೀಲಿ ನೆನಪಾಯಿತು. ಕಾವಲುಗಾರ ಹೊರಗೆ ಹೋದಮೇಲೆ ಮೇಡಂಗೆ ಹೇಳಿದ.

"ಸುಳಿ ಏಳು ಸುತ್ತು, ಹಳೇದರಲ್ಲೂ ಏಳೇ. ಬಿರುಕು ಇದ್ದಲ್ಲೇ ಬಿರುಕಿದೆ. ಪಾಚಿ, ಕಲ್ಲುಹೂವು ಎಲ್ಲ ಇದ್ದಲ್ಲೇ. ಇಷ್ಟು ನೋಡಿ ಮಾಡಿದವನಿಗೆ ಅದು ವಾಲಿದ್ದು ಮಾತ್ರ ಕಾಣಲಿಲ್ವಾ ಮೇಡಂ?"

"ಕಂಡಿರುತ್ತೆ."

"ಕಂಡೂ ನೆಟ್ಟಗೆ ನೆಟ್ಟಿದಾನೆ. ಜನ್ಮವೆಲ್ಲ ತೂಗುಗುಂಡು ಹಿಡಿದು ಕಂಬ ನಿಲ್ಲಿಸಿದ ಕೈ. ಸೊಟ್ಟಗೆ ನಿಲ್ಲಿಸು ಅಂದ್ರೆ ಅದು ಕೇಳಲ್ಲ. ಕಳ್ಳ ಅಲ್ಲ ಮೇಡಂ ಇವನು, ಕಲ್ಲುಕುಟಿಗ."

ಮೇಡಂ ಕಿಟಕಿಯ ಹೊರಗೆ ನೋಡುತ್ತಾ, "ಎರಡೂ ಆಗಿರಬಹುದಲ್ಲ," ಎಂದರು.

ಗುರುವಾರ ಹನ್ನೊಂದು ಗಂಟೆಗೆ ಸಂಗ್ರಹಾಲಯ. ಅಧಿಕಾರಿ ಊರಲ್ಲಿರಲಿಲ್ಲ. ಗುಮಾಸ್ತೆಯ ಕೆಲಸದ ಹೆಂಗಸು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಚೀಟಿ ಅಂಟಿಸುತ್ತಿದ್ದಳು.

"ಸುಳಿಗಲ್ಲಿನ ಅಳತೆ ಯಾರ ಹತ್ತಿರ ಇದೆ?" ಎಂದು ದಫೇದಾರ ಕೇಳಿದ.

"ನಮ್ಮಲ್ಲಿ ಮಾತ್ರ." ಅಂಟು ಒರೆಸಿಕೊಂಡು ಸೇರಿಸಿದಳು, "ಆಮೇಲೆ ಆ ಕಲ್ಲುಕುಟಿಗನ ಹತ್ತಿರ. ಮೂರು ವರ್ಷದ ಹಿಂದೆ ಹಜಾರದಲ್ಲಿ ಇಡೋಕೆ ಅಂತ ಅದರ ಪ್ರತಿ ಮಾಡಿಸಿದ್ರಲ್ಲ. ನಿಮಗೆ ಸಾಹೇಬರು ಹೇಳಲಿಲ್ವಾ?"

"ಇಲ್ಲ."

"ಹೇಗೆ ಹೇಳ್ತಾರೆ? ಬೇಡ ಅಂತ ವಾಪಸ್ ಮಾಡಿದ್ದೂ ಅವರೇ. ಪಾಪ, ಎಂಟು ತಿಂಗಳು ದಿನಾ ಗುಡ್ಡ ಹತ್ತಿ ಇಳಿದು ಕೆತ್ತಿದ್ದ. ತಂದು ಇಳಿಸಿದ ದಿನ ಸಾಹೇಬರು ಒಂದು ಸುತ್ತು ಬಂದು, 'ಇದು ನಿನ್ನೆ ಹುಟ್ಟಿದ ಹಾಗಿದೆ, ಯಾರು ನಂಬ್ತಾರೆ, ಆ ಕೈಯೇ ಬೇರೆ' ಅಂದ್ರು. ಹಿತ್ತಲಲ್ಲಿ ಹಾಕಿಸಿದ್ರು. ವರ್ಷ ಬಿದ್ದಿತ್ತು. ಜಾಡಮಾಲಿ ಅದರ ಮೇಲೆ ನೆಲ ಒರೆಸೋ ಬಟ್ಟೆ ಒಗೀತಿದ್ದ."

"ಈಗ ಎಲ್ಲಿದೆ?"

ಅವಳು ಗೇಟ್ ಪಾಸಿನ ಪುಸ್ತಕ ತೆರೆದು ತೋರಿಸಿದಳು. ಎರಡು ವರ್ಷದ ಹಿಂದಿನ ತಾರೀಖು. 'ವಿವರ' ಎಂಬ ಕಾಲಮಿನಲ್ಲಿ ಅಧಿಕಾರಿಯ ಸ್ವಂತ ಕೈಬರಹ: "ಹಾಳು ಕಲ್ಲು, ಒಂದು." ಕೆಳಗೆ ಒಯ್ದವನ ಸಹಿ. ಓದು ಕಡಿಮೆ ಇದ್ದವನ ಸಹಿ. ಆದರೆ ಪ್ರತಿ ಅಕ್ಷರವೂ ಕಲ್ಲಿನ ಮೇಲೆ ಕೂತ ಹಾಗೆ ನೆಟ್ಟಗೆ ಕೂತಿತ್ತು.

ದಫೇದಾರ ಆ ಮೂರು ಪದಗಳನ್ನು ಎರಡು ಸಲ ಓದಿದ. ಪುಸ್ತಕವನ್ನು ಜಪ್ತಿ ಮಾಡಿ ರಸೀದಿ ಬರೆದುಕೊಟ್ಟ. ಹೊರಡುವಾಗ ಭಾನುವಾರದ ನಡಿಗೆಯ ಟಿಕೆಟ್ ರಿಜಿಸ್ಟರನ್ನೂ ಕೇಳಿದ. ಠಾಣೆಗೆ ಬಂದು, ಕಾವಲುಗಾರ ಇಲ್ಲದಿದ್ದ ಆ ಮಂಜಿನ ವಾರದಿಂದ ಮುಂದಕ್ಕೆ ಪುಟ ಮಗುಚುತ್ತಾ ಹೋದ. ಆ ನೆಟ್ಟನೆಯ ಸಹಿ ಸಿಕ್ಕಿತು. ಮುಂದಿನ ಭಾನುವಾರವೂ ಸಿಕ್ಕಿತು. ಅದರ ಮುಂದಿನದೂ. ಒಟ್ಟು ಹನ್ನೊಂದು ಭಾನುವಾರ, ಒಂದೂ ತಪ್ಪಿಲ್ಲ.

"ಒಂದೇ ಕಲ್ಲನ್ನ ಹನ್ನೊಂದು ಸಲ ಟಿಕೆಟ್ ಕೊಟ್ಟು ಯಾರು ನೋಡ್ತಾರೆ?" ಎಂದ ಡ್ರೈವರ್. "ನನಗೆ ಒಂದು ಸಲಕ್ಕೇ ಬೂಟು ಹಾಳಾಯ್ತು."

"ಕಲ್ಲು ನೋಡೋಕೆ ಬರ್ತಿಲ್ಲ ಅವನು," ಎಂದ ದಫೇದಾರ. ಯಾಕೆ ಬರುತ್ತಾನೆಂದು ಅವನಿಗೂ ಆಗ ಪೂರ್ತಿ ಗೊತ್ತಿರಲಿಲ್ಲ.

ಶುಕ್ರವಾರ ಮಫ್ತಿಯಲ್ಲಿ, ಕೆಲಸ ಮಾಡಿಸುವವರ ಹಾಗೆ, ಕಲ್ಲುಕುಟಿಗನ ಮನೆಯ ಕಡೆ ಹೋಗಿ ಬಂದರು. ಒಂಟಿ ಮನೆ, ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿಗೆ ಬೀಗ. ದೂರದ ಸೇತುವೆಯೊಂದರ ಕೆಲಸಕ್ಕೆ ಹೋಗಿದ್ದಾನೆ, ಶನಿವಾರ ಸಂಜೆ ಬರುತ್ತಾನೆ ಎಂದರು ನೆರೆಯವರು. ಬೀಗ ಒಡೆಯೋಣವೇ ಎಂದ ಡ್ರೈವರ್. ಮೇಡಂ ಬೇಡವೆಂದರು. ಕಲ್ಲು ಅಲ್ಲೇ ಇದ್ದರೆ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಕಾಲಿಲ್ಲ. ಇನ್ನೆಲ್ಲೋ ಇದ್ದರೆ, ಸುದ್ದಿ ತಿಳಿದ ಮನುಷ್ಯ ಸುತ್ತಿಗೆ ಎತ್ತಿದರೆ ಕತೆ ಮುಗಿಯಿತು. ಶೋಧನೆಯ ವಾರಂಟು ತೆಗೆದಿಟ್ಟು, ಒಬ್ಬ ಪೇದೆಯನ್ನು ಕಣ್ಣಿಗೆ ಬೀಳದ ಹಾಗೆ ಶೆಡ್ಡಿನ ಕಾವಲಿಗೆ ಹಾಕಿದರು.

"ಭಾನುವಾರ ಅವನೇ ಬರ್ತಾನೆ," ಎಂದರು. "ಹನ್ನೊಂದು ಸಲ ಬಂದವನು ಹನ್ನೆರಡನೇ ಸಲ ತಪ್ಪಿಸಲ್ಲ."

"ಸೋಮವಾರ ಗಡುವು ಮೇಡಂ. ಆ ಹೆಣ್ಣುಮಗಳು ಪಾತ್ರೆ ಕಟ್ಟಿಡೋಕೆ ಶುರು ಮಾಡಿದಾಳಂತೆ. ತಾಯಿ ಹತ್ತಿರ ಮಾತಿಲ್ಲ."

"ಭಾನುವಾರ ಆದಮೇಲೆ ತಾನೇ ಸೋಮವಾರ ಬರೋದು, ದಫೇದಾರ್ರೇ?"

ಹತ್ತೊಂಬತ್ತನೆಯ ತಾರೀಖು ಭಾನುವಾರ ಬೆಳಗ್ಗೆ ಏಳೂವರೆಗೆ ಗುಡ್ಡದ ಬುಡದಲ್ಲಿ ಮೂವತ್ತೆರಡು ಜನ ಸೇರಿದ್ದರು. ದಫೇದಾರ ಅಂಗಿಯ ಮೇಲೆ ಹಳೆಯ ಸ್ವೆಟರು ಹಾಕಿ, ಟಿಕೆಟ್ ಕೊಂಡು, ಗುಂಪಿನ ಹಿಂದೆ ನಿಂತ. ಮೇಡಂ ತಲೆಗೆ ಸ್ಕಾರ್ಫು ಕಟ್ಟಿ ಕೈಯಲ್ಲಿ ನೀರಿನ ಬಾಟಲಿ ಹಿಡಿದಿದ್ದರು. ಯಾರದೋ ಶಾಲೆಯ ಹೆಡ್‌ಮಿಸ್ ಹಾಗೆ ಕಾಣುತ್ತಿದ್ದರು. ಏಳು ಇಪ್ಪತ್ತೈದಕ್ಕೆ ಕಲ್ಲುಕುಟಿಗ ಬಂದಿದ್ದ. ಐವತ್ತೈದರ ಆಸುಪಾಸು, ಹುಬ್ಬಿನಲ್ಲಿ ತೊಳೆದರೂ ಹೋಗದ ಬಿಳಿ ದೂಳು, ಎಡಗೈಯ ಒಂದು ಬೆರಳಿಗೆ ತುದಿಯಿಲ್ಲ. ಒಗೆದು ಮಡಿಸಿದ ಅಂಗಿ ಹಾಕಿದ್ದ, ಮದುವೆ ಮನೆಗೆ ಹೊರಟವನ ಹಾಗೆ. ಜೌಗು ಬಂದಲ್ಲಿ ಚಪ್ಪಲಿ ಕೈಗೆತ್ತಿಕೊಂಡು, ನೋಡದೆಯೇ ಗಟ್ಟಿ ನೆಲದ ಮೇಲೆ ಹೆಜ್ಜೆಯಿಡುತ್ತಿದ್ದ. ದಾರಿ ಅವನ ಪಾದಕ್ಕೆ ಬಾಯಿಪಾಠವಾಗಿತ್ತು.

"ಮೊದಲ ಸಲ ಬರ್ತಿದೀರಾ?" ಎಂದು ಅವನೇ ದಫೇದಾರನನ್ನು ಕೇಳಿದ.

"ಎರಡನೇ ಸಲ."

"ಸುಳಿಗಲ್ಲಿನ ಹತ್ತಿರ ಮುಂದೆ ನಿಂತ್ಕೊಳ್ಳಿ. ಸಾಹೇಬರು ಅಲ್ಲಿ ಬಹಳ ಚೆನ್ನಾಗಿ ಹೇಳ್ತಾರೆ."

"ಏನು ಹೇಳ್ತಾರೆ?"

"ಕೇಳಿ, ಗೊತ್ತಾಗುತ್ತೆ." ಅವನ ಮುಖದಲ್ಲಿ ನಗು ಬಂದು, ಯಾರಾದರೂ ನೋಡಿಯಾರೆಂದು ಒಳಗೆ ಹೋಯಿತು.

ಹದಿಮೂರು ಕಲ್ಲಿನ ದುಂಡು ಮುಗಿಯಿತು. ಒಂಬತ್ತು ಹತ್ತಕ್ಕೆ ಗುಂಪು ಸುಳಿಗಲ್ಲಿನ ಮುಂದೆ ನಿಂತಿತು. ಕೊಂಚ ಆಚೆ ಅಜ್ಜಿ ಮಂದೆಯನ್ನು ತಡೆದು ನಿಲ್ಲಿಸಿಕೊಂಡಿದ್ದಳು. ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಎಂದಿನಂತೆ ನಡೆಸಬೇಕೆಂದು ಮೇಡಂ ಹೇಳಿದ್ದರು, ಅವರು ಒಪ್ಪಿದ್ದರು. ಕಾಲದ ಬಗ್ಗೆ ಹೇಳಿದರು, ಸುಳಿಯ ಏಳು ಸುತ್ತಿನ ಬಗ್ಗೆ ಹೇಳಿದರು. ಆಮೇಲೆ ಕೈ ಎತ್ತಿದರು. ಕೈ ಕಲ್ಲಿನ ತನಕ ಹೋಯಿತು, ಮುಟ್ಟಲಿಲ್ಲ. ಹಾಗೇ ಇಳಿಯಿತು.

"ಬನ್ನಿ, ಮುಂದೆ ಹೋಗೋಣ," ಎಂದರು.

ಜನ ಕದಲಿದರು. ಕಲ್ಲುಕುಟಿಗ ಕದಲಲಿಲ್ಲ.

"ಸಾರ್," ಎಂದ. ಹನ್ನೊಂದು ವಾರದಲ್ಲಿ ಅವನು ಅಧಿಕಾರಿಯ ಮುಂದೆ ಬಾಯಿ ತೆರೆದದ್ದು ಅದೇ ಮೊದಲು. "ಇವತ್ತು ಕೈ ಇಡಲಿಲ್ಲ ನೀವು. ಆ ಮಾತೂ ಹೇಳಲಿಲ್ಲ."

"ಯಾವ ಮಾತು?"

"ಇಂಥ ಕೈ ಇನ್ನು ಹುಟ್ಟಲ್ಲ ಅನ್ನೋದು."

ಅಧಿಕಾರಿ ಅವನನ್ನು ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದರು. ಕಲ್ಲುಕುಟಿಗ ದಫೇದಾರನ ಕಡೆ ತಿರುಗಿದ. ಸ್ವೆಟರಿನ ಕೆಳಗೆ ಖಾಕಿ ಪ್ಯಾಂಟು ಕಾಣುತ್ತಿತ್ತು.

"ಎಲ್ಲಿ ತಪ್ಪಿದೆ ನಾನು?" ಎಂದು ಕೇಳಿದ. ಯಾರು ಹಿಡಿದುಕೊಟ್ಟರು ಎಂದಲ್ಲ.

"ಹಳೇದು ಒಂದು ಗೇಣು ನಾಲ್ಕು ಬೆರಳು ವಾಲಿತ್ತು."

ಅವನು ಕಣ್ಣು ಮುಚ್ಚಿಕೊಂಡ. "ಗೊತ್ತಿತ್ತು. ಹಾಗೇ ವಾಲಿಸಿಯೇ ಗುಂಡಿಗೆ ಇಳಿಸಿದ್ದೆ. ಮಣ್ಣು ತುಂಬುವಾಗ ಕೈ ತಡೀಲಿಲ್ಲ. ಮುಗಿದಮೇಲೆ ನೋಡಿದ್ರೆ ನೆಟ್ಟಗಿತ್ತು." ಕಣ್ಣು ತೆರೆದು ಹೇಳಿದ, "ಮತ್ತೆ ಕೆಡಿಸೋಕೆ ಮನಸ್ಸು ಬರಲಿಲ್ಲ."

"ಹಳೇ ಕಲ್ಲು ಎಲ್ಲಿ?" ಎಂದರು ಮೇಡಂ.

"ಶೆಡ್ಡಲ್ಲಿ. ಮರಳಿನ ಮೇಲೆ ಮಲಗಿಸಿದೀನಿ, ಒದ್ದೆ ಗೋಣಿ ಹೊದಿಸಿ. ಊರಲ್ಲಿದ್ದಾಗ ದಿನಾ ನೀರು ಚಿಮುಕಿಸ್ತೀನಿ. ಒಂದು ಗೀರು ಬಿದ್ದಿಲ್ಲ."

"ಯಾರ ಜೊತೆ ಸೇರಿ ಸಾಗಿಸಿದೆ? ಕಾವಲುಗಾರನಿಗೆ ಗೊತ್ತಿತ್ತಾ?"

"ಇಲ್ಲಮ್ಮಾ. ಅವನು ಹೆಂಡತಿ ಕರ್ಕೊಂಡು ದಾರೀಲಿ ಅಳ್ತಾ ನಿಂತಿದ್ದ. ಬಿಟ್ಟುಬಂದೆ. ವಾಪಸ್ ಬರುವಾಗ ಮಂಜು ನೋಡಿದೆ. ಗಟ್ಟಿ ನೆಲ ಎಲ್ಲೆಲ್ಲಿದೆ ಅಂತ ಗೊತ್ತಿತ್ತು, ಟ್ರ್ಯಾಕ್ಟರ್ ಮೇಲಕ್ಕೇ ತಂದೆ. ಮುಕ್ಕಾಲಿ, ಚೈನ್ ಪುಲ್ಲಿ, ಉರುಳೆ, ಎಲ್ಲ ನನ್ನದೇ. ಮೂರು ದಿನ ಒಬ್ಬನೇ." ಗುಡಿಸಲಿನ ಕಡೆ ನೋಡಿದ. "ಯಾಕೆ, ಅವನಿಗೇನಾದ್ರೂ ಆಗುತ್ತಾ?"

"ನಾಳೆ ಅವನ ನೌಕರಿ ಹೋಗೋದಿತ್ತು," ಎಂದ ದಫೇದಾರ.

ಕಲ್ಲುಕುಟಿಗನ ಮುಖ ಆಗ ಮಾತ್ರ ಕಳೆಗುಂದಿತು. "ಅದು ನನಗೆ ಹೊಳೀಲೇ ಇಲ್ಲ," ಎಂದು ಎರಡು ಸಲ ಹೇಳಿದ.

ಒಂಬತ್ತು ಮೂವತ್ತೈದಕ್ಕೆ ದಸ್ತಗಿರಿ. ಕೋಳ ಹಾಕಲಿಲ್ಲ. ಹನ್ನೊಂದೂವರೆಗೆ ಶೆಡ್ಡಿನ ಬೀಗವನ್ನು ಅವನೇ ತೆಗೆದ. ಪಂಚರ ಮುಂದೆ ಗೋಣಿ ಸರಿಸಿದಾಗ ಹಳೆಯ ಕಲ್ಲಿನ ಮಗ್ಗುಲಲ್ಲಿ ಉಣ್ಣೆಯ ಜಿಡ್ಡಿನ ಕಪ್ಪು ಹೊಳೆಯಿತು. ದಫೇದಾರ ಬೆರಳಿಟ್ಟ. ಜಾರಿತು. ಜೊತೆಗೆ ಬಂದಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಅತ್ತೆಯ ಕುರಿಗಳದೂ ಇದೆ ಇದರಲ್ಲಿ," ಎಂದಳು.

ಅಂಗಳದಲ್ಲಿ ಅಧಿಕಾರಿ ಮೇಡಂ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಕೇಳುತ್ತಿದ್ದರು. ಗೇಟ್ ಪಾಸಿನ ವಿಷಯ. ಅದು ದಾಖಲೆ, ಕೋರ್ಟಿಗೆ ಹೋಗಲೇಬೇಕು ಎಂದರು ಮೇಡಂ. ಕಾವಲುಗಾರ ಬದಲಿ ಕೇಳಿದ್ದೂ ಸಿಗದಿದ್ದದ್ದೂ ಹೇಳಿಕೆಯಲ್ಲಿದೆ, ಅದೂ ಹೋಗುತ್ತದೆ. ಅಧಿಕಾರಿ ಕಾವಲುಗಾರನ ಮಾತೆತ್ತಿದರು. "ವಜಾ ಇಲ್ಲ. ಮುಂಗಡ ಸಹಿಗೆ ಒಂದು ಎಚ್ಚರಿಕೆ ಪತ್ರ ಕೊಡ್ತೀನಿ, ಸಾಕು," ಎಂದರು. ಅಜ್ಜಿ ಅದನ್ನು ಕೇಳಿಸಿಕೊಂಡಳು. ಯಾರಿಗೂ ಹೇಳದೆ ಕೋಲೆತ್ತಿಕೊಂಡು ಮಗಳ ಮನೆಯ ದಾರಿ ಹಿಡಿದಳು. ನಾಯಿ ಅವಳಿಗಿಂತ ಮುಂದೆ ಓಡಿತು.

ಠಾಣೆಯಲ್ಲಿ ಕಲ್ಲುಕುಟಿಗನ ಹೇಳಿಕೆ ಒಂದೂವರೆ ಪುಟವಾಯಿತು. ಗೇಟ್ ಪಾಸಿನ ಮಾತನ್ನು ಅವನಾಗಿ ಎತ್ತಲಿಲ್ಲ. ದಫೇದಾರ ಪುಸ್ತಕ ತೋರಿಸಿದಾಗ ಆ ಸಾಲಿನ ಮೇಲೆ ಕೈಯಿಟ್ಟು ಮುಚ್ಚಿದ. "ಅಪ್ಪ ಚರಂಡಿ ಕಲ್ಲು ಕೆತ್ತಿ ಸತ್ತ," ಎಂದ. "ನಾನೂ ಮೆಟ್ಟಿಲು, ಹೊಸ್ತಿಲು ಕೆತ್ತಿದವನೇ. ಅದರ ಮೇಲೆ ಕಾಲಿಟ್ಟು ಹೋಗ್ತಾರೆ, ಯಾರೂ ಬಗ್ಗಿ ನೋಡಲ್ಲ. ಇದೊಂದನ್ನ ಜನ ನಿಂತು ನೋಡಲಿ ಅಂತ ಎಂಟು ತಿಂಗಳು ಕೆತ್ತಿದೆ. ಎರಡು ಮಳೆಗಾಲ ಹುಳಿ ಮಜ್ಜಿಗೆ, ಸಗಣಿ ನೀರು ಬಳಿದು ಪಾಚಿ ಹಿಡಿಸಿದೆ. ಒಂದು ಸಲ ಅವರ ಬಾಯಲ್ಲಿ ಆ ಮಾತು ಕೇಳಿ, ಮಾರನೇ ದಿನವೇ ಹೇಳಿಬಿಡೋಣ ಅಂತಿದ್ದೆ. ಕೇಳಿದಮೇಲೆ ಇನ್ನೊಂದು ಸಲ ಅನ್ನಿಸ್ತು."

ಉಳಿದದ್ದು ನಕಲು ಕಲ್ಲಿನ ಜಪ್ತಿ ಪಂಚನಾಮೆ. ದಫೇದಾರ ಎತ್ತರ ಬರೆದ, ಅಗಲ ಬರೆದ, ಏಳು ಸುತ್ತು ಬರೆದ. 'ವಸ್ತುವಿನ ವಿವರ' ಎಂಬಲ್ಲಿ ಪೆನ್ನು ನಿಂತಿತು.

"ನಕಲಿ ಕಲ್ಲು ಅಂತ ಹಾಕಿ ಸಾಹೇಬ್ರೇ," ಎಂದ ಡ್ರೈವರ್. "ಹೊತ್ತಾಯ್ತು."

ದಫೇದಾರ ಬರೆದ: "ಕೆತ್ತನೆಯ ಕಲ್ಲು, ಒಂದು. ಕೆಲಸ ಉತ್ತಮ."

ಪಂಚನಾಮೆಯಲ್ಲಿ ಅಭಿಪ್ರಾಯ ಬರೆಯುವಂತಿಲ್ಲ. ಮೇಡಂ ಓದಿದರು, ಆ ಸಾಲಿನ ಹತ್ತಿರ ಪೆನ್ನಿನ ತುದಿ ತಂದರು, ದಫೇದಾರನ ಮುಖ ನೋಡಿದರು, ಕೆಳಗೆ ಸಹಿ ಮಾಡಿದರು.

ಕಾಗದ ಆರೋಪಿಯ ಮುಂದೆ ಬಂತು. ಅವನು ತುದಿಯಿಲ್ಲದ ಬೆರಳನ್ನು ಅಕ್ಷರದ ಕೆಳಗಿಟ್ಟು ನಿಧಾನವಾಗಿ, ತುಟಿಯಲ್ಲೇ ಓದಿಕೊಂಡು ಬಂದ. ಒಂದು ಕಡೆ ಬೆರಳು ನಿಂತಿತು.

"ಇದು ಕೋರ್ಟಿಗೆ ಹೋಗುತ್ತಾ?"

"ಹೋಗುತ್ತೆ."

"ಯಾರೂ ಅಳಿಸೋ ಹಾಗಿಲ್ಲ ಅಲ್ವಾ?"

"ಇಲ್ಲ."

ಪೆನ್ನು ತಗೊಂಡು ಸಹಿ ಹಾಕಿದ. ಒಂದೊಂದು ಅಕ್ಷರವೂ ನೆಟ್ಟಗೆ ಕೂತಿತು.